ಬನಿಯನ್ ಅಂದರೆ ಒಳಅಂಗಿಯಲ್ಲ

"ನಿಮಗೆ ಬನಿಯನ್ ಆಗಿದೆ" ಅಂತ ಡಾಕ್ಟರು ಹೇಳಿದಾಗ ನಾನು ಪಕ್ಕದಲ್ಲಿದ್ದ ಯಜಮಾನರ ಮುಖ ನೋಡಿದೆ. ಅವರು ಗೋಡೆಯ ಮೇಲಿದ್ದ ಎಲುಬಿನ ಚಿತ್ರ ನೋಡುತ್ತಿದ್ದರು. ವಾಪಸ್ ಬರುವಾಗ ರಿಕ್ಷಾದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಸೈಜು?"

ಆಗ ನಕ್ಕೆವು. ಆದರೆ ಆರು ವರ್ಷ ಈ ಕಾಲನ್ನು ಹೊತ್ತುಕೊಂಡು ಡೊಂಬಿವಲಿಯಿಂದ ಮುಂಬೈಯ ಫೋರ್ಟಿಗೆ ಲೋಕಲ್ ಟ್ರೇನಿನಲ್ಲಿ ಓಡಾಡಿದ ಮೇಲೆ ಅನ್ನಿಸುತ್ತಿದೆ, ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ನನ್ನ ಕಾಲಿಗೆ ಬಂದದ್ದರಲ್ಲಿ ಅರ್ಧ ನಮ್ಮ ವಂಶದ್ದು. ಇನ್ನರ್ಧ ಸೈಜಿನ ತಕರಾರು. ವಂಶದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಸೈಜಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಟೀ ಇಟ್ಟುಕೊಂಡು ಕೂತುಕೊಳ್ಳಿ.

ನನಗೆ ಮೊದಲು ಸುಳಿವು ಕೊಟ್ಟಿದ್ದು ನೋವಲ್ಲ, ಕಾಲುಂಗುರ. ಮದುವೆಯಲ್ಲಿ ಹಾಕಿದ್ದು, ಎರಡೆರಡು ಸುತ್ತಿನದು. ಎಡಗಾಲಿನದು ಒಂದು ವರ್ಷದಿಂದ ಬಿಗಿಯಾಗುತ್ತಾ ಬಂದಿತ್ತು. ಸೋಪು, ಕೊಬ್ಬರಿ ಎಣ್ಣೆ, ದಾರ ಸುತ್ತಿ ಎಳೆಯುವುದು, ಎಲ್ಲ ಆಯಿತು. ಕೊನೆಗೆ ಬೆರಳಿನ ಬದಿ ಕೆಂಪಗಾಗಿ ನೀರು ಒಸರಲು ಶುರುವಾದಾಗ ಸ್ಟೇಷನ್ ಹತ್ತಿರದ ಸೋನಾರನ ಅಂಗಡಿಗೆ ಹೋದೆ. ಅವನು ಸ್ಟೂಲಿನ ಮೇಲೆ ನನ್ನ ಕಾಲು ಇಡಿಸಿಕೊಂಡು, ಉಂಗುರದ ಕೆಳಗೆ ತೆಳ್ಳಗಿನ ತಗಡು ತೂರಿಸಿ, ಸಣ್ಣ ಕಟ್ಟರಿನಿಂದ ಕಟ್ ಮಾಡಿದ. "ವಹಿನಿ, ಬೋಟ್ ಸುಜಲಂಯ" ಅಂದ. ಬೆರಳು ಊದಿದೆ ಅಂತ. ನಾನೂ ತೂಕ ಜಾಸ್ತಿಯಾಯಿತು ಅಂದುಕೊಂಡೆ. ಮನೆಗೆ ಬಂದು ಎರಡೂ ಕಾಲು ಜೋಡಿಸಿ ನೆಲದ ಮೇಲೆ ಇಟ್ಟು ನೋಡಿದರೆ ಎರಡನೇ ಬೆರಳು ಊದಿರಲೇ ಇಲ್ಲ. ಹೆಬ್ಬೆರಳು ಬಂದು ಅದರ ಮೇಲೆ ಒರಗಿತ್ತು, ಲೋಕಲ್ಲಿನಲ್ಲಿ ನಿದ್ದೆ ಬಂದವರು ಪಕ್ಕದವರ ಹೆಗಲಿಗೆ ಒರಗುವ ಹಾಗೆ. ಇಷ್ಟು ವರ್ಷ ದಿನಾ ನೋಡುವ ಕಾಲು, ನಾನು ನೋಡಿಯೇ ಇರಲಿಲ್ಲ.

ಈ ಬನಿಯನ್ನಿಗೆ ನಮ್ಮಲ್ಲಿ ಸರಿಯಾದ ಹೆಸರಿಲ್ಲ. ಕೆಲವರು ಗಂಟು ಅನ್ನುತ್ತಾರೆ, ಕೆಲವರು ಆಣಿ ಅನ್ನುತ್ತಾರೆ. ಆಣಿ ಬೇರೆ, ಇದು ಬೇರೆ. ಆಣಿ ಅಂದರೆ ಒತ್ತಿ ಒತ್ತಿ ಗಟ್ಟಿಯಾದ ಚರ್ಮ. ಬನಿಯನ್ ಎಲುಬಿನದ್ದು. ಅದೂ ಎಲುಬು ಬೆಳೆದದ್ದಲ್ಲ, ಜಾಗ ತಪ್ಪಿದ್ದು. ಮೊಣಕೈ ಮಡಚಿ ನೋಡಿ, ಒಂದು ಮೂಳೆ ಚೂಪಾಗಿ ಹೊರಗೆ ಬರುತ್ತದಲ್ವಾ? ಅಲ್ಲಿ ಹೊಸದಾಗಿ ಏನೂ ಬೆಳೆದಿಲ್ಲ, ಕೈ ಮಡಚಿದ್ದಕ್ಕೆ ಕಾಣುತ್ತಿದೆ ಅಷ್ಟೆ. ಪಾದದಲ್ಲಿ ಆಗುವುದೂ ಹಾಗೇ. ಹೆಬ್ಬೆರಳಿನ ಹಿಂದಿನ ಉದ್ದ ಎಲುಬು ಇನ್ನೊಂದು ಕಾಲಿನ ಕಡೆಗೆ ಸರಿಯುತ್ತದೆ, ಹೆಬ್ಬೆರಳು ಎರಡನೇ ಬೆರಳಿನ ಕಡೆಗೆ ವಾಲುತ್ತದೆ. ನಡುವಿನ ಕೀಲು ಹೊರಗೆ ಉಬ್ಬಿ ನಿಲ್ಲುತ್ತದೆ. ಆ ಉಬ್ಬು ಚಪ್ಪಲಿಗೆ ಉಜ್ಜಿದಾಗ ಅದರ ಮೇಲಿನ ನೀರುಚೀಲ ಊದಿಕೊಂಡು ಕೆಂಪಾಗುತ್ತದೆ. ನೋವು ಹೆಚ್ಚಾಗಿ ಅಲ್ಲಿಂದ ಬರುತ್ತದೆ.

ಎಕ್ಸ್‌ರೇ ನಿಂತುಕೊಂಡೇ ತೆಗೆಸಬೇಕು ಅಂತ ಡಾಕ್ಟರ ಹತ್ತಿರ ಹೋದಾಗಲೇ ನನಗೆ ಗೊತ್ತಾಗಿದ್ದು. ಮಲಗಿಸಿ ತೆಗೆದರೆ ಮೈಭಾರ ಬೀಳುವುದಿಲ್ಲ, ವಾಲಿದ್ದು ಕಡಿಮೆ ಕಾಣುತ್ತದೆ. ಹೆಬ್ಬೆರಳು 15 ಡಿಗ್ರಿಯ ಒಳಗೆ ವಾಲಿದ್ದರೆ ಅದು ಮಾಮೂಲಿ. 20ರವರೆಗೆ ಸ್ವಲ್ಪ, 40ರವರೆಗೆ ಮಧ್ಯಮ, ಅದರಾಚೆ ಜೋರು. ನನ್ನ ಎಡಗಾಲು 26. ಬಲಗಾಲು 18. ಡಾಕ್ಟರು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು ತೋರಿಸಿದರು.

ಇದು ಸುಮ್ಮನೆ ಬಿಟ್ಟರೆ ತನ್ನಷ್ಟಕ್ಕೆ ಯಾಕೆ ಜಾಸ್ತಿಯಾಗುತ್ತದೆ ಅಂತಲೂ ಕೇಳಿದೆ. ಬೆರಳನ್ನು ಎಳೆಯುವ ಸ್ನಾಯುವಿನ ಹಗ್ಗಗಳು ಮೊದಲು ನೇರಕ್ಕೆ ಇರುತ್ತವೆ. ಬೆರಳು ಒಂದಷ್ಟು ವಾಲಿದ ಮೇಲೆ ಅದೇ ಹಗ್ಗಗಳು ಬಿಲ್ಲಿನ ಹೆದೆಯ ಹಾಗೆ ಒಂದು ಬದಿಗೆ ಬರುತ್ತವೆ. ಆಮೇಲೆ ಪ್ರತಿ ಹೆಜ್ಜೆಗೂ ಬೆರಳನ್ನು ವಾಲಿದ ಕಡೆಗೇ ಎಳೆಯುತ್ತವೆ. ಹಾಗಾಗಿ "ನೋವಿಲ್ಲ, ಇರಲಿ ಬಿಡು" ಅನ್ನುವ ಕಾಲವೇ ನಿಜವಾಗಿ ಏನಾದರೂ ಮಾಡಬೇಕಾದ ಕಾಲ. ನಾನು ಆ ಕಾಲವನ್ನು ಪೂರ್ತಿ ಕಳೆದಿದ್ದೆ.

ಕಳೆದದ್ದು ಹೇಗೆ ಅಂದರೆ, ಮೆಡಿಕಲ್‌ನಿಂದ ಕಾರ್ನ್ ಕ್ಯಾಪ್ ತಂದು ಹಚ್ಚಿಕೊಂಡು! ಆಣಿಗೆ ಹಚ್ಚುವ ಪಟ್ಟಿ ಅದು. ಅದರಲ್ಲಿ ಗಟ್ಟಿ ಚರ್ಮವನ್ನು ಕರಗಿಸುವ ಸ್ಯಾಲಿಸಿಲಿಕ್ ಆ್ಯಸಿಡ್ ಇರುತ್ತದೆ. ನನ್ನ ಗಂಟಿನ ಮೇಲೆ ಇದ್ದದ್ದು ತೆಳು ಚರ್ಮ. ಮೂರು ದಿನಕ್ಕೆ ಸುಟ್ಟು ಬೆಳ್ಳಗಾಯಿತು. ಎಲುಬು ಮಾತ್ರ ಇದ್ದಲ್ಲೇ ಇತ್ತು.

ಈಗ ವಂಶದ ಮಾತು. ನನ್ನ ಅಮ್ಮನ ಕಾಲಲ್ಲೂ ಇದೇ ಗಂಟು ಇತ್ತು, ಅಷ್ಟೇ ಎಡಕ್ಕೆ ಜಾಸ್ತಿ. ಕುಂದಾಪುರದ ಹತ್ತಿರದ ಹಳ್ಳಿ. ಮನೆ, ಹಟ್ಟಿ, ಗದ್ದೆ, ದೇವಸ್ಥಾನ. ಚಪ್ಪಲಿ ಅಂದರೆ ಬಸ್ಸು ಹತ್ತುವ ದಿನ ಮಾತ್ರ. 78 ವರ್ಷ ಬದುಕಿದಳು, ಗಂಟು ನೋಯುತ್ತದೆ ಅಂತ ಒಂದು ದಿನವೂ ಹೇಳಿದವಳಲ್ಲ. ಅವಳ ತಮ್ಮ, ನನ್ನ ಮಾವ, 13ನೇ ವಯಸ್ಸಿಗೆ ಮಾಟುಂಗಾದ ಹೋಟೆಲಿಗೆ ಬಂದವರು. ಗ್ಲಾಸು ತೊಳೆಯುವುದರಿಂದ ಶುರು, ಆಮೇಲೆ ಸಪ್ಲಾಯರ್, ಕೊನೆಗೆ ಗಲ್ಲಾ. ಇಪ್ಪತ್ತು ವರ್ಷ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತ ಕಾಲು ಅದು. ಹಿಮ್ಮಡಿ ಬಿರುಕು ಬಿಟ್ಟಿತ್ತು, ಉಗುರು ಹಾಳಾಗಿತ್ತು, ಆದರೆ ಬೆರಳುಗಳು ಬೀಸಣಿಗೆ ಹಾಗೆ ಬಿಡಿಬಿಡಿಯಾಗಿದ್ದವು. ಅದೇ ಅಜ್ಜಿಯ ಮೊಮ್ಮಗಳಾದ ನನಗೆ 45ಕ್ಕೇ ಕಾಲು ಈ ಗತಿಗೆ ಬಂತು. ನಡುವೆ ಬದಲಾದದ್ದು ಏನು ಅಂತ ಬಿಡಿಸಿ ಹೇಳಬೇಕಾ?

ನಮ್ಮ ಮನೆಯ ಮೂರು ಜೋಡಿ ಕಾಲು ನೋಡಿ ಇಷ್ಟು ದೊಡ್ಡ ಮಾತು ಹೇಳುತ್ತಿಲ್ಲ. 1958ರಲ್ಲಿ ಹಾಂಗ್‌ಕಾಂಗಿನಲ್ಲಿ ಶೂ ಹಾಕುವವರ ಮತ್ತು ಬರಿಗಾಲಲ್ಲಿ ಓಡಾಡುವವರ ಪಾದಗಳನ್ನು ಪರೀಕ್ಷಿಸಿದ್ದರು. ಶೂ ಹಾಕುವವರಲ್ಲಿ ನೂರಕ್ಕೆ 33 ಜನರಿಗೆ ಹೆಬ್ಬೆರಳು ವಾಲಿತ್ತು. ಬರಿಗಾಲಿನವರಲ್ಲಿ ನೂರಕ್ಕೆ ಇಬ್ಬರಿಗೂ ಇರಲಿಲ್ಲ. ಇನ್ನೊಂದು ನನಗೆ ಬಹಳ ಇಷ್ಟವಾದ ಅಧ್ಯಯನ, 2021ರದ್ದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹಳೆಯ ಸ್ಮಶಾನಗಳಿಂದ ಸಿಕ್ಕ 177 ಅಸ್ಥಿಪಂಜರಗಳ ಪಾದ ನೋಡಿದರು. 11ರಿಂದ 13ನೇ ಶತಮಾನದವರಲ್ಲಿ ಬನಿಯನ್ ಇದ್ದದ್ದು ನೂರಕ್ಕೆ 6 ಜನರಿಗೆ. 14, 15ನೇ ಶತಮಾನಕ್ಕೆ ಬಂದರೆ 27. ಅಷ್ಟರಲ್ಲಿ ಆದದ್ದೇನು ಅಂದರೆ ಮೂತಿ ಚೂಪಾದ ಶೂ ಫ್ಯಾಶನ್ ಆಯಿತು. ಎಷ್ಟು ಚೂಪು ಅಂದರೆ 1465ರಲ್ಲಿ ರಾಜನೇ ಲಂಡನ್ನಿನಲ್ಲಿ ಎರಡು ಇಂಚಿಗಿಂತ ಉದ್ದ ಮೂತಿ ಇರಕೂಡದು ಅಂತ ಕಾನೂನು ಮಾಡಬೇಕಾಯಿತು. ಆಗ ಬನಿಯನ್ ಜಾಸ್ತಿ ಬಂದದ್ದು ಹೊಲದಲ್ಲಿ ದುಡಿಯುವವರಿಗಲ್ಲ, ಪೇಟೆಯ ಅನುಕೂಲಸ್ಥರಿಗೆ ಮತ್ತು ಮಠದವರಿಗೆ. ಆರುನೂರು ವರ್ಷದ ಮೇಲೆ ನಾನು ಅದೇ ತಪ್ಪನ್ನು ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು, ಸೇಲಿನಲ್ಲಿ ಕೊಂಡುಕೊಂಡೆ.

ಹಾಗಂತ ಬರಿಗಾಲಿನವರಿಗೆ ಬರುವುದೇ ಇಲ್ಲ ಅಂತಲ್ಲ, ಅಮ್ಮನಿಗೆ ಇತ್ತಲ್ಲ. ಪಾದದ ಆಕಾರ, ಕೀಲುಗಳ ಸಡಿಲ ವಂಶದಿಂದ ಬರುತ್ತದೆ. ಆದರೆ "ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ" ಅಂತ ಹೇಳಿ ಕೈ ತೊಳೆದುಕೊಳ್ಳುವುದು ಇದೆಯಲ್ಲ, ಅದಕ್ಕೆ ನನ್ನ ತಕರಾರು. ವಂಶದಲ್ಲಿ ಇದ್ದರೆ ಶೂ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕಲ್ವಾ?

ನನ್ನ ಆಫೀಸಿನಲ್ಲಿ ಹತ್ತು ವರ್ಷ ಒಂದು ನಿಯಮ ಇತ್ತು. ಹೆಂಗಸರು ಮುಂದೆ ಮುಚ್ಚಿದ ಕಪ್ಪು ಶೂ ಹಾಕಬೇಕು, ಚಪ್ಪಲಿ ನಡೆಯುವುದಿಲ್ಲ. ಯಾವ ಆಫೀಸು ಅಂತ ಕೇಳಬೇಡಿ. ಈ ನಿಯಮಕ್ಕೆ ಹೊಂದುವ ಶೂ ಅಂದರೆ ಬೆಲ್ಲಿ. ತೆಳ್ಳಗೆ, ಮೂತಿ ಕಿರಿದು, ಕಾಲನ್ನು ಹಿಡಿದಿಡಲು ಪಟ್ಟಿಯಿಲ್ಲ, ಲೇಸಿಲ್ಲ. ಕಾಲಿನಿಂದ ಕಳಚಿ ಬೀಳದಿರಬೇಕಾದರೆ ಅದು ಬಿಗಿಯಾಗಿರಲೇಬೇಕು. ಬಿಗಿ ಎಲ್ಲಿ? ಸರಿಯಾಗಿ ಹೆಬ್ಬೆರಳಿನ ಬುಡದಲ್ಲಿ. ವರ್ಷಕ್ಕೆ ಎರಡು ಸಲ ದೊಡ್ಡ ಸಾಹೇಬರು ಬಂದರೆ ಅದರ ಹೀಲ್ಸ್ ಇರುವ ಅಕ್ಕ. ಹೀಲ್ಸ್ ಹಾಕಿದರೆ ಮೈಭಾರವೆಲ್ಲ ಮುಂದಕ್ಕೆ ಜಾರಿ, ಬೆರಳುಗಳನ್ನು ಆ ಕಿರಿದು ಮೂತಿಗೆ ತುರುಕುತ್ತದೆ. ಗಂಡಸರ ಶೂಗೂ ನಿಯಮ ಇತ್ತು, ಆದರೆ ಅವರ ಶೂ ಒಳಗೆ ಬೆರಳಿಗೆ ಜಾಗ ಇತ್ತು. ಬನಿಯನ್ ಹೆಂಗಸರಲ್ಲಿ ಜಾಸ್ತಿ ಯಾಕೆ ಅಂತ ಅಧ್ಯಯನ ಮಾಡುವವರು ನಮ್ಮ ಆಫೀಸಿನ ಶೂ ಸಾಲು ನೋಡಿದ್ದರೂ ಅರ್ಧ ಉತ್ತರ ಸಿಗುತ್ತಿತ್ತು.

ಇನ್ನು ಲೋಕಲ್. ನಾಲ್ಕನೇ ಸೀಟು ಗೊತ್ತಲ್ಲ ಮುಂಬೈಯವರಿಗೆ? ಮೂವರ ಸೀಟಿನಲ್ಲಿ "ಥೋಡಾ ಸರಕೋ" ಅಂತ ಹೇಳಿ ಅರ್ಧ ತೊಡೆ ಇಟ್ಟು ಕೂರುವುದು. ಆಗ ಮೈಭಾರ ಪೂರ್ತಿ ಹೊರಗಿನ ಕಾಲಿನ ಮೇಲೆ, ಅದೂ ಪಾದದ ಒಳಬದಿಯ ಮೇಲೆ. ಡೊಂಬಿವಲಿಯಲ್ಲಿ ಹತ್ತಿದರೆ ನನಗೆ ಆ ನಾಲ್ಕನೆಯದೂ ಸಿಕ್ಕುವುದು ಠಾಣೆ ದಾಟಿದ ಮೇಲೆ. ಅಲ್ಲಿಯವರೆಗೆ ನಿಂತದ್ದೇ. ಒಂದು ಸಲ ಘಾಟ್ಕೋಪರ್‌ನಲ್ಲಿ ಇಳಿಯುವ ನೂಕಾಟದಲ್ಲಿ ಯಾರದೋ ಹೀಲ್ಸ್ ಸರಿಯಾಗಿ ಗಂಟಿನ ಮೇಲೆ ಬಂತು. ಕಣ್ಣಲ್ಲಿ ನೀರು ಬಂದದ್ದಲ್ಲ, ಕಣ್ಣು ಕತ್ತಲೆ ಬಂತು. ಆ ಹುಡುಗಿ "ಸಾರಿ ಆಂಟಿ" ಅಂದಳು. ನೋವಿಗಿಂತ ಆ ಆಂಟಿ ಜಾಸ್ತಿ ಚುಚ್ಚಿತು, ಅದು ಬೇರೆ ಮಾತು.

ಜೂನ್ ಬಂದರೆ ಮಳೆಗಾಲದ ಪ್ಲಾಸ್ಟಿಕ್ ಶೂ. ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅದು ಹಿಗ್ಗುವುದಿಲ್ಲ, ಉಸಿರಾಡುವುದಿಲ್ಲ, ಒದ್ದೆ ಚರ್ಮಕ್ಕೆ ಗರಗಸದ ಹಾಗೆ ಉಜ್ಜುತ್ತದೆ. ಈಗ ನಾನು ಮಳೆಯಲ್ಲಿ ಹಿಂದೆ ಪಟ್ಟಿ ಇರುವ ಅಗಲದ ರಬ್ಬರ್ ಸ್ಯಾಂಡಲ್ ಹಾಕಿ, ಆಫೀಸಿನಲ್ಲಿ ಟವೆಲ್ಲಿನಿಂದ ಕಾಲು ಒರೆಸಿ ಶೂ ಬದಲಿಸುತ್ತೇನೆ. ಮೇಜಿನ ಕೆಳಗೆ ಒಂದು ಚೀಲ ಇಟ್ಟಿದ್ದೇನೆ. ಮೊದಲು ನಕ್ಕವರು ಈಗ ಮೂವರು ಅದೇ ಮಾಡುತ್ತಿದ್ದಾರೆ.

ಸೈಜಿನ ತಕರಾರು ಅಂದೆನಲ್ಲ, ಅದರ ಪೂರ್ತಿ ಕಥೆ ಹೀಗಿದೆ. ನಮ್ಮ ಅಂಗಡಿಗಳಲ್ಲಿ ಸೈಜು ಅಂದರೆ ಉದ್ದ ಮಾತ್ರ. ಆರು, ಏಳು, ಎಂಟು. ಅಗಲ ಯಾರೂ ಕೇಳುವುದಿಲ್ಲ. ಅಗಲ ಸಾಲದವರು ಏನು ಮಾಡುತ್ತಾರೆ? ಒಂದು ನಂಬರ್ ದೊಡ್ಡದು ತೆಗೆದುಕೊಳ್ಳುತ್ತಾರೆ. ಆಗ ಹಿಮ್ಮಡಿ ಸಡಿಲ, ಕಾಲು ಮುಂದಕ್ಕೆ ಜಾರುತ್ತದೆ, ಮತ್ತೆ ಬೆರಳು ಮೂತಿಗೇ ಹೋಗಿ ಗುದ್ದುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ಕಂಡದ್ದು ನಾವು ಅನುಭವದಿಂದ ತಿಳಿದದ್ದೇ. ನಮ್ಮ ಪಾದ ಬಿಳಿಯರ ಪಾದಕ್ಕಿಂತ ಅಗಲ. ನಾವು ಹಾಕುತ್ತಿರುವುದು ಅವರ ಅಳತೆಯ ಶೂ. ಅದಕ್ಕೆ ಬದಲು 'ಭಾ' ಅನ್ನುವ ನಮ್ಮದೇ ಅಳತೆ ತರಬೇಕು ಅಂತ ಹೇಳಿದ್ದಾರೆ. ನಾನು ಹೋಗುವ ಅಂಗಡಿಗಳಲ್ಲಿ ಕೇಳಿದೆ. "ಭಾ? ವೋ ಕೌನ್ಸಾ ಬ್ರ್ಯಾಂಡ್ ಹೈ?" ಅಂದ ಒಬ್ಬ.

ಅಲ್ಲಿಯವರೆಗೆ ನಾನು ಮಾಡುವ ಉಪಾಯ ಹೇಳುತ್ತೇನೆ. ಬಿಳಿ ಕಾಗದದ ಮೇಲೆ ನಿಂತು, ಮಗಳ ಕೈಯಲ್ಲಿ ಪಾದದ ಸುತ್ತ ಪೆನ್ಸಿಲ್ ಎಳೆಸಿದೆ. ಎರಡೂ ಕಾಲಿಗೆ, ಸಂಜೆ ಹೊತ್ತು, ಯಾಕೆಂದರೆ ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಅಂಗಡಿಯಲ್ಲಿ ಮೊದಲು ಶೂ ಕಾಲಿಗೆ ಹಾಕುವುದಿಲ್ಲ, ಕಾಗದದ ಮೇಲೆ ಇಡುತ್ತೇನೆ. ಕಾಗದ ಅಂಚಿನಿಂದ ಹೊರಗೆ ಇಣುಕಿದರೆ ಆ ಶೂ ವಾಪಸ್. "ಹಾಕ್ತಾ ಹಾಕ್ತಾ ಹಿಗ್ಗುತ್ತೆ ಮೇಡಂ" ಅನ್ನುವ ಮಾತಿಗೆ ಬೀಳಬೇಡಿ. ಹಿಗ್ಗುವುದು ಶೂ ಅಲ್ಲ, ಸರಿಯುವುದು ನಿಮ್ಮ ಎಲುಬು. ಮುಂದೆ ಒಂದು ಹೆಬ್ಬೆಟ್ಟಿನಷ್ಟು ಖಾಲಿ ಜಾಗ, ಬೆರಳು ಒಳಗೆ ಆಡುವಷ್ಟು ಅಗಲ, ಹಿಮ್ಮಡಿ ಎತ್ತರ ಕಡಿಮೆ, ಮೇಲೆ ಲೇಸೋ ಪಟ್ಟಿಯೋ. ಅಷ್ಟೆ ಬೇಕಾದದ್ದು.

ಕೊಲ್ಹಾಪುರಿ ಒಳ್ಳೆಯದಾ ಅಂತ ಬಹಳ ಜನ ಕೇಳುತ್ತಾರೆ. ಚಪ್ಪಟೆ, ಮುಂದೆ ತೆರೆದದ್ದು, ಚರ್ಮದ್ದು, ಕಾಲು ಚೆನ್ನಾಗಿರುವವರಿಗೆ ಯಾವ ಬೆಲ್ಲಿಗಿಂತಲೂ ವಾಸಿ. (2019ರಲ್ಲಿ ಇದಕ್ಕೆ ಜಿಐ ಮಾನ್ಯತೆ, ಅಂದರೆ ಇದು ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿತು. ಆಫೀಸಿನ ಮರಾಠಿ ಗೆಳತಿಯರಿಗೆ ಇದನ್ನು ಹೇಳಿ ಹೇಳಿ ಖುಷಿಪಡುತ್ತೇನೆ.) ಆದರೆ ನನ್ನ ಹೆಬ್ಬೆರಳು ಈಗ ಅದರ ಉಂಗುಷ್ಟದ ಕುಣಿಕೆಗೆ ನೇರ ಹೋಗುವುದಿಲ್ಲ, ಓರೆಯಾಗಿ ತೂರಿಸಬೇಕು.

ನಿಜವಾದ ಉಪಕಾರ ಮಾಡಿದವನು ಸ್ಟೇಷನ್ ಮೆಟ್ಟಿಲ ಕೆಳಗೆ ಕೂರುವ ಮೋಚಿ. ಒಂದು ಜೊತೆ ಒಳ್ಳೆಯ ಚರ್ಮದ ಶೂ, ದುಬಾರಿಯದು, ಎಡಗಾಲು ಕಚ್ಚುತ್ತಿತ್ತು. ಕಾಲು ತೋರಿಸಿದೆ. ಅವನು ಒತ್ತಿ ನೋಡಿ "ಹಡ್ಡಿ ಹೈ, ಸೂಜನ್ ನಹೀ" ಅಂದ. ಇದು ಎಲುಬು, ಊತ ಅಲ್ಲ ಅಂತ. ಸೋನಾರನಿಗೆ ತಿಳಿಯದ್ದು ಅವನಿಗೆ ಮುಟ್ಟಿದ ತಕ್ಷಣ ತಿಳಿಯಿತು. ಶೂ ಹಾಕಿಸಿ, ಗಂಟು ಇರುವಲ್ಲಿ ಹೊರಗಿನಿಂದ ಚಾಕ್‌ಪೀಸಿನಲ್ಲಿ ಒಂದು ಸುತ್ತು ಬರೆದ. ಆಮೇಲೆ ಮರದ ಅಚ್ಚು ತೆಗೆದು, ಚಾಕಿನ ಗುರುತಿಗೆ ಸರಿಯಾಗಿ ಅಚ್ಚಿನ ಮೇಲೆ ಚರ್ಮದ ಚೂರೊಂದನ್ನು ಮೊಳೆ ಹೊಡೆದು ಕೂರಿಸಿದ. ಶೂ ಒಳಗೆ ಒದ್ದೆ ಬಟ್ಟೆ ಒರೆಸಿ, ಅಚ್ಚು ತೂರಿಸಿ, ಸುತ್ತಿಗೆಯ ಹಿಡಿಯಿಂದ ಎರಡು ಏಟು ಕೊಟ್ಟ. "ಕಲ್ ಶಾಮ್ ಕೋ." ಮಾರನೇ ದಿನ ಸಂಜೆ 80 ರೂಪಾಯಿ ಕೊಟ್ಟು ಹಾಕಿಕೊಂಡರೆ, ನನ್ನ ಎಲುಬಿಗೆ ಒಂದು ಪುಟ್ಟ ಕೋಣೆ ಆಗಿತ್ತು. ರೆಕ್ಸಿನ್ನಿನದು ತಂದರೆ ಆಗುವುದಿಲ್ಲ, ಹರಿಯುತ್ತದೆ ಅಂತಲೂ ಹೇಳಿದ. ನನ್ನ ಆರು ವರ್ಷದ ಖರ್ಚಿನಲ್ಲಿ ಪೂರ್ತಿ ಸಾರ್ಥಕವಾದ ದುಡ್ಡು ಆ 80.

ದಂಡವಾದದ್ದೂ ಇದೆ. ರಾತ್ರಿ ಹಾಕಿಕೊಂಡು ಮಲಗುವ ಸ್ಪ್ಲಿಂಟ್, ಫೋನಿನಲ್ಲಿ ಜಾಹೀರಾತು ನೋಡಿ ತರಿಸಿದ್ದು. ಮೊದಲ ಫೋಟೋದಲ್ಲಿ ಸೊಟ್ಟ ಬೆರಳು, ಎರಡನೆಯದರಲ್ಲಿ ನೆಟ್ಟಗೆ. ಹಾಕಿರುವಷ್ಟು ಹೊತ್ತು ನೆಟ್ಟಗೇ ಇರುತ್ತದೆ, ಯಾರು ಬೇಡ ಅಂದರು? ಬೆಳಿಗ್ಗೆ ತೆಗೆದು ಚಹಾ ಕುಡಿಯುವಷ್ಟರಲ್ಲಿ ಬೆರಳು ತನ್ನ ಜಾಗಕ್ಕೆ ವಾಪಸ್. ದೊಡ್ಡವರಲ್ಲಿ ಒಮ್ಮೆ ಸರಿದ ಎಲುಬನ್ನು ಯಾವ ಪಟ್ಟಿಯೂ, ಎಣ್ಣೆಯೂ, ಎಳೆದು ತಿಕ್ಕುವುದೂ ಶಾಶ್ವತವಾಗಿ ಹಿಂದಕ್ಕೆ ತರುವುದಿಲ್ಲ. ಬೆರಳುಗಳ ನಡುವೆ ಇಡುವ ಸಿಲಿಕೋನ್ ತುಂಡು, ಗಂಟಿನ ಮೇಲಿನ ಜೆಲ್ ಪ್ಯಾಡ್, ಒಳಗಿನ ಸೋಲ್ ಇವೆಲ್ಲ ನೋವು ಕಡಿಮೆ ಮಾಡುತ್ತವೆ, ಉಜ್ಜುವುದನ್ನು ತಪ್ಪಿಸುತ್ತವೆ. ಅದೂ ಶೂ ಒಳಗೆ ಜಾಗ ಇದ್ದರೆ ಮಾತ್ರ. ಬಿಗಿ ಶೂ ಒಳಗೆ ಪ್ಯಾಡ್ ತುರುಕಿದರೆ ಇನ್ನೂ ಬಿಗಿ. ನಾನು ಅದನ್ನೂ ಮಾಡಿ ನೋಡಿದ್ದೇನೆ.

ವ್ಯಾಯಾಮವನ್ನು ಲೋಕಲ್ಲಿನಲ್ಲೇ ಮಾಡುತ್ತೇನೆ. ಅಗಲ ಶೂ ಒಳಗೆ ಐದೂ ಬೆರಳು ಬಿಡಿಸುವುದು, ಹೆಬ್ಬೆರಳು ಮಾತ್ರ ಎತ್ತುವುದು, ಪಾದದ ನಡುವಿನ ಕಮಾನನ್ನು ಮೇಲಕ್ಕೆ ಎಳೆದು ಐದು ಎಣಿಸುವುದು. ಯಾರಿಗೂ ಕಾಣುವುದಿಲ್ಲ. ಮನೆಯಲ್ಲಿ ಎರಡೂ ಹೆಬ್ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಾಲುಗಳನ್ನು ಅಗಲಿಸುವುದು. ಇದರಿಂದ ಬೆರಳು ನೆಟ್ಟಗಾಗಿಲ್ಲ. ಆದರೆ ಕೀಲು ಪೆಡಸಾಗದೆ ಉಳಿದಿದೆ, ಸಂಜೆಯ ಸೆಳೆತ ಕಡಿಮೆ ಆಗಿದೆ. ನೋವು ಕೆರಳಿದ ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಹತ್ತು ನಿಮಿಷ.

ಆಪರೇಷನ್ ಇದೆ. ಎಲುಬು ಕೊಯ್ದು, ಸರಿಸಿ, ಸ್ಕ್ರೂ ಹಾಕಿ ಕೂರಿಸುತ್ತಾರೆ. ಕೆಲಸ ಮಾಡುತ್ತದೆ, ಹೆದರಬೇಕಾದದ್ದಲ್ಲ. ಆದರೆ ಅದು ಚಂದಕ್ಕೆ ಮಾಡಿಸುವಂಥದ್ದೂ ಅಲ್ಲ. ಸುಮಾರು ಆರು ವಾರ ವಿಶೇಷ ಶೂ ಹಾಕಿ ನಡೆಯಬೇಕು, ಊತ ಇಳಿಯಲು ತಿಂಗಳುಗಟ್ಟಲೆ ಬೇಕು, ಮತ್ತೆ ಹಳೇ ಶೂಗೆ ಹೋದರೆ ಮತ್ತೆ ವಾಲಬಹುದು. ಲಿಫ್ಟ್ ಇಲ್ಲದ ಮೂರನೇ ಮಾಳಿಗೆಯಲ್ಲಿ ಇರುವ ನಾನು ಈಗ ಬೇಡ ಅಂದೆ. "ದಿನಾ ನಡೆಯಲು ತೊಂದರೆ ಆಗುವಷ್ಟು ನೋವು ಬಂದರೆ ಬನ್ನಿ" ಅಂದರು ಡಾಕ್ಟರು. ಆರು ವರ್ಷದ ಮೇಲೆ ಮೊನ್ನೆ ಮತ್ತೆ ನಿಂತು ಎಕ್ಸ್‌ರೇ ತೆಗೆಸಿದೆ. ಎಡಗಾಲು 27.

ಒಂದು ಮಾತು ಮಾತ್ರ ತಮಾಷೆ ಇಲ್ಲದೆ. ಮಾವನಿಗೆ ಗಲ್ಲಾದಲ್ಲಿ ಕೂತ ಮೇಲೆ ಸಕ್ಕರೆ ಕಾಯಿಲೆ ಬಂತು. ಸಂಬಂಧಿಕರ ಮದುವೆಗೆ ಹೊಸ ಕಪ್ಪು ಶೂ ಹಾಕಿ ಹೋದರು. ಹೆಬ್ಬೆರಳ ಬುಡ ಉಜ್ಜಿ ಗಾಯವಾದದ್ದು ಅವರಿಗೆ ಗೊತ್ತೇ ಆಗಲಿಲ್ಲ, ಕಾಲ್ಚೀಲದಲ್ಲಿ ರಕ್ತ ನೋಡಿದ್ದು ಅತ್ತೆ. ಮೂರು ತಿಂಗಳು ಡ್ರೆಸ್ಸಿಂಗ್. ಸಕ್ಕರೆ ಇರುವವರು ದಿನಾ ರಾತ್ರಿ ಪಾದ ನೋಡಿಕೊಳ್ಳಿ, ಬ್ಲೇಡು ಮುಟ್ಟಿಸಬೇಡಿ, ಕಾರ್ನ್ ಕ್ಯಾಪ್ ಅಂತೂ ಬೇಡವೇ ಬೇಡ. ಹಾಗೇ, ರಾತ್ರೋರಾತ್ರಿ ಹೆಬ್ಬೆರಳ ಬುಡ ಬೆಂಕಿಯ ಹಾಗೆ ಕೆಂಪಾಗಿ, ಹೊದಿಕೆ ತಾಗಿದರೂ ತಡೆಯದಷ್ಟು ನೋವು ಬಂದರೆ ಅದು ಬನಿಯನ್ ಅಲ್ಲದೇ ಯೂರಿಕ್ ಆ್ಯಸಿಡ್‌ನ ಗೌಟ್ ಇರಬಹುದು. ಡಾಕ್ಟರ ಹತ್ತಿರ ಹೋಗಿ.

ಮೊನ್ನೆ ಮಗಳು, 22 ವರ್ಷ, ಮೊದಲ ಕೆಲಸ, ಬಾಂದ್ರಾದಲ್ಲಿ ಒಂದು ಜೊತೆ ಮೂತಿ ಚೂಪಿನ ಶೂ ತಂದಳು. ನಾನು ಏನೂ ಹೇಳಲಿಲ್ಲ. ಕಾಗದ, ಪೆನ್ಸಿಲ್ ಕೊಟ್ಟೆ. ಅವಳೇ ನಿಂತು, ಅವಳೇ ಬರೆದು, ಶೂ ಮೇಲೆ ಇಟ್ಟು ನೋಡಿದಳು. ಎರಡೂ ಕಡೆ ಬೆರಳಿನಷ್ಟು ಕಾಗದ ಹೊರಗೆ. ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ವಾಪಸ್ ಕೊಟ್ರೆ ದುಡ್ಡು ಕೊಡಲ್ಲ, ಕ್ರೆಡಿಟ್ ನೋಟ್ ಕೊಡ್ತಾರೆ" ಅಂದಳು. ಈಗ ಆ ಅಂಗಡಿಯಲ್ಲಿ 2,400 ರೂಪಾಯಿಯ ಕ್ರೆಡಿಟ್ ನೋಟ್ ಇದೆ, ಅಗಲ ಪಾದಕ್ಕೆ ಆಗುವ ಒಂದು ಶೂ ಕೂಡ ಇಲ್ಲ. ದಾದರ್, ಮುಲುಂಡ್, ಠಾಣೆ ಕಡೆ ಅಗಲ ಅಳೆದು ಶೂ ಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಪರ್ಸಿನಲ್ಲಿ ಈಗ ನಾಲ್ಕು ಕಾಗದದ ಪಾದಗಳಿವೆ.